ಬ್ಲೋವರ್ ಗಾಡಿಯ ಮಾವ

ಬೆಲ್ಟು ಸುಟ್ಟ ವಾಸನೆಯೇ ಬೇರೆ. ಟೈರು ಸುಟ್ಟರೆ ಕಣ್ಣು ಉರಿಯುತ್ತದೆ. ಬೆಲ್ಟು ಜಾರಿ ಸುಟ್ಟರೆ ಗಂಟಲಿನ ಹಿಂದೆ ಒಂದು ಕಹಿ ಬಂದು ಕೂರುತ್ತದೆ, ನೀರು ಕುಡಿದರೂ ಇಳಿಯುವುದಿಲ್ಲ. ಈಚೆಗೆ ಹನೂರಿನಲ್ಲಿ, ನನ್ನ ಹತ್ತಿರ ಡಿಪ್ಲೊಮಾ ಓದಿ ಈಗ ಸ್ವಂತ ಗ್ಯಾರೇಜು ಇಟ್ಟುಕೊಂಡಿರುವವನ ಶೆಡ್ಡಿಗೆ ಹೋಗಿದ್ದೆ. ಯಾವುದೋ ಹಳೆಯ ಕಾರಿನ ಸಡಿಲ ಬೆಲ್ಟು ಕಿರ್ರೆಂದು ಕೂಗಿ ಹೊಗೆ ಬಿಟ್ಟಿತು. ನಾನು ಟೀ ಲೋಟ ಕೆಳಗಿಟ್ಟೆ. ಎದುರುಮನೆ ಮಾವ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ಮಾವ ಅಂದರೆ ನೆಂಟಸ್ತಿಕೆ ಏನಲ್ಲ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಅವರದು ಎದುರುಮನೆ. ಏಳೆಂಟು ಜನ ಹಿಡಿಸುವ ಹಳೆಯದೊಂದು ಪೆಟ್ರೋಲ್ ಗಾಡಿ ಇಟ್ಟುಕೊಂಡು ಸ್ಟ್ಯಾಂಡಿನಿಂದ ಬಾಡಿಗೆ ಹೊಡೆಯುತ್ತಿದ್ದರು. ಹೆಚ್ಚಿನ ಟ್ರಿಪ್ಪು ಮಾದಪ್ಪನ ಬೆಟ್ಟಕ್ಕೆ. ಗಾಡಿಯ ಮೀಟರು ಕೊನೆ ಮುಟ್ಟಿ ಸೊನ್ನೆಗೆ ತಿರುಗಿ ಮತ್ತೆ ಮೊದಲಿಂದ ಓಡುತ್ತಿತ್ತು. ‘ಈಗ ಎರಡನೇ ಜನ್ಮದಲ್ಲಿ ಅದೆ’ ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿ ಬೇಗ ತೀರಿಕೊಂಡಿದ್ದರು. ಯಳಂದೂರಿನಲ್ಲಿದ್ದ ಅಕ್ಕ ಒಬ್ಬರೇ ಅವರಿಗೆ ದಿಕ್ಕು.

ನಮ್ಮ ಮನೆಯ ವಿಷಯವನ್ನೂ ಹೇಳಬೇಕು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವ್ವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವೂ ಬಿಸಿನೀರಿನಲ್ಲಿ ಬೇಯುವ ರೇಷ್ಮೆ ಗೂಡುಗಳಲ್ಲಿ ಕೈಯಾಡಿಸಿ ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಅಂತ ಮಾಡಿದವನು ನಾನೊಬ್ಬನೇ. ಮೆಕ್ಯಾನಿಕಲ್ ಇಂಜಿನಿಯರಿಂಗ್. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಮೈಸೂರಿನ ಕಾಲೇಜಿಗೆ ಸೇರಲು ಹೋದ ದಿನ ತಗಡಿನ ಟ್ರಂಕನ್ನು ಗಾಡಿಯ ಮೇಲೆ ಕಟ್ಟಿ, ಅಪ್ಪನನ್ನು ಹಿಂದೆ ಕೂರಿಸಿ, ಮಾವ ನನ್ನನ್ನು ಮುಂದಿನ ಸೀಟಿಗೆ ಕರೆದಿದ್ದರು.

“ಲೇ ಇಂಜಿನಿಯರೇ, ಕುಂತ್ಕ ಬಾ ಮುಂದ್ಕೆ. ನಾಳೆ ನನ್ ಗಾಡಿ ಕೆಟ್ರೆ ನೀನೇ ಕಣ್ಲಾ ನೋಡ್ಬೇಕು.”

ಅಂದಿನಿಂದ ಅದೇ ನನ್ನ ಹೆಸರಾಯಿತು. ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ‘ಲೇ ಇಂಜಿನಿಯರೇ’ ಎಂದು ಕೂಗುತ್ತಿದ್ದರು. ಪಾಸಾಗುವ ಮೊದಲೇ ನನ್ನನ್ನು ಇಂಜಿನಿಯರ್ ಎಂದು ನಂಬಿದವರು ಅವರು.

ಬೆಟ್ಟದ ರಸ್ತೆ ಬಲ್ಲವರಿಗೆ ಅಲ್ಲಿಯ ಒಂದು ಪದ್ಧತಿ ಗೊತ್ತಿರುತ್ತದೆ. ತಾಳಬೆಟ್ಟ ದಾಟಿ ಏರು ಶುರುವಾದ ಮೇಲೆ ಒಂದು ನಲ್ಲಿ ಇತ್ತು. ಹಳೆಯ ಗಾಡಿಗಳೆಲ್ಲ ಅಲ್ಲಿ ಬಾನೆಟ್ಟು ಎತ್ತಿ ನಿಲ್ಲುತ್ತಿದ್ದವು. ಇಂಜಿನ್ ಆರುವ ತನಕ ಜನ ಪುರಿ ತಿಂದು, ಮಕ್ಕಳ ಮುಖ ತೊಳೆದು, ಮತ್ತೆ ಹತ್ತುತ್ತಿದ್ದರು. ಅಲ್ಲಿಂದ ಮುಂದೆ ಕಡಿದಾದ ಒಂದು ತಿರುವಿನಲ್ಲಿ ಡ್ರೈವರ್ ಬಿಟ್ಟು ಎಲ್ಲರೂ ಇಳಿಯಬೇಕು. ಒಬ್ಬ ಗಾಲಿಗೆ ಕಲ್ಲು ಕೊಡಲು ಹಿಂದೆಯೇ ನಡೆಯುತ್ತಾನೆ, ಉಳಿದವರು ‘ಉಘೇ ಮಾದಪ್ಪ’ ಎನ್ನುತ್ತ ತಿರುವು ಹತ್ತಿ ಮೇಲೆ ಕಾಯುತ್ತಾರೆ. ಯಾರೂ ಇದನ್ನು ಅವಮಾನ ಎಂದುಕೊಂಡಿರಲಿಲ್ಲ. ಮಾವನೂ ಅಂದುಕೊಂಡಿರಲಿಲ್ಲ, ಆ ಅಮಾವಾಸ್ಯೆಯ ತನಕ.

ಅಕ್ಕನಿಗೆ ಮಂಡಿ ನೋವು ಜೋರಾಗಿದ್ದ ವರ್ಷ ಅದು. ದಪ್ಪ ಆಳು. ಎಲ್ಲರ ಜೊತೆ ಅವರೂ ಇಳಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕೊನೆಗೆ ತಿರುವಿನ ಮಧ್ಯೆ ಕಲ್ಲಿನ ಮೇಲೆ ಕೂತುಬಿಟ್ಟರು. ಪಕ್ಕದಲ್ಲಿ ಹಾದುಹೋದ ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ: “ಅಜ್ಜೀ, ಆ ಗಾಡಿ ನಂಬ್ಕಬ್ಯಾಡ, ನೀನೇ ಮೊದ್ಲು ಓಯ್ತೀಯ!” ಬಸ್ಸೆಲ್ಲ ನಕ್ಕಿತು. ಅಕ್ಕನೂ ನಕ್ಕರು. ಮಾವ ನಗಲಿಲ್ಲ. ಮುಂದಿನದನ್ನು ಅಕ್ಕನೇ ಆಮೇಲೆ ಹೇಳಿದರು. ವಾಪಸು ಬರುವಾಗ ಹನೂರಿನಲ್ಲಿ ಗಾಡಿ ನಿಲ್ಲಿಸಿ ಮಾವ ಅಂದರಂತೆ: “ಅಕ್ಕ, ಇನ್ಮ್ಯಾಕೆ ನನ್ ಗಾಡಿಯಿಂದ ನೀನು ಇಳಿಯಂಗಿಲ್ಲ. ಗುಡಿ ತಾವೇ ಇಳೀಬೇಕು.”

ಆ ಮಾತಿನ ಬೆನ್ನಿಗೇ ಬಂದದ್ದು ಸೂಪರ್‌ಚಾರ್ಜರ್. ಕೊಯಮತ್ತೂರಿನ ಕಡೆ ಒಡೆದ ಕಾರುಗಳ ಸಾಮಾನು ಮಾರುವವರ ಹತ್ತಿರ ಒಂದಿದೆ, ಕೂರಿಸಿಕೊಡುವವನೂ ಅಲ್ಲೇ ಇದ್ದಾನೆ ಎಂದು ಯಾರೋ ಡ್ರೈವರ್ ಹೇಳಿದ್ದರಂತೆ. ನಮ್ಮ ಕಡೆ ಅದನ್ನು ಬ್ಲೋವರ್ ಅಂದರು. ನಾನು ಆಗಷ್ಟೇ ಪಾಸಾಗಿ ಬಂದಿದ್ದೆ. ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಮಾವ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು.

“ಲೇ ಇಂಜಿನಿಯರೇ, ಏಳ್ಲಾ. ಹಾಕ್ಸನಾ ಬ್ಯಾಡ್ವಾ?”

ನಾನು ತಿಳಿದದ್ದನ್ನು ಬಿಡಿಸಿ ಹೇಳಿದೆ. ಅದು ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು, ಎಳೆತ ಹೆಚ್ಚು, ಅದರ ಜೊತೆಗೆ ಒತ್ತಡ ಮತ್ತು ಕಾವು ಕೂಡ. ಹೊಸ ಇಂಜಿನ್ ಅದನ್ನು ತಡೆಯಬಹುದು. ಅಷ್ಟು ಓಡಿದ ಇಂಜಿನ್ನಿನಲ್ಲಿ ರಿಂಗು ಸವೆದಿರುತ್ತವೆ, ಬೇರಿಂಗು ಸಡಿಲವಾಗಿರುತ್ತವೆ. ಮೊದಲು ಇಂಜಿನ್ ಬಿಚ್ಚಿ ಅದನ್ನೆಲ್ಲ ಸರಿಮಾಡಿಸಬೇಕು, ದೊಡ್ಡ ರೇಡಿಯೇಟರ್ ಹಾಕಿಸಬೇಕು, ಬ್ಲೋವರಿನ ಒತ್ತಡವನ್ನೂ ಕಡಿಮೆ ಇಟ್ಟುಕೊಳ್ಳಬೇಕು. “ಇಂಗಿಂಗೇ ಹಾಕ್ಸುದ್ರೆ ಓಡ್ತದೆ ಮಾವ, ಆದ್ರೆ ಬಾಳ ದಿನ ಬರಾಕಿಲ್ಲ. ಕಾವಿಗೆ ಹೆಡ್ಡು, ಅಂದ್ರೆ ಇಂಜಿನ್ ಮ್ಯಾಲಿನ ಮುಚ್ಚಳ, ಹೊಡೆದೋಯ್ತದೆ” ಎಂದೆ.

ಟೀ ಅಂಗಡಿಯವನು ನಕ್ಕ. “ಕೇಳಿಸ್ಕಂಡ್ಯಾ ಗುರುವೇ? ಡಿಗ್ರಿ ಮಾತಾಡ್ತಾ ಅದೆ!”

“ಓದ್ದೋರು ಎದ್ರುಸ್ತರೆ, ಅದೇ ಅವ್ರ ಕೆಲ್ಸ” ಎಂದು ಮಾವನೂ ನಕ್ಕು ನನ್ನ ತಲೆಗೊಂದು ಮೆತ್ತಗೆ ಹೊಡೆದರು. “ನಮ್ ಹೈದ ಸರ್ಯಾಗೇ ಏಳವ್ನೆ. ಆದ್ರೆ ಇಂಜಿನ್ ಬಿಚ್ಚಿದ್ರೆ ಗಾಡಿ ತಿಂಗಳುಗಟ್ಲೆ ನಿಂತ್ಕತದೆ. ಅಲ್ಲೀವರ್ಗೂ ನಮ್ಮಕ್ಕ ಕಾಯ್ತಳಾ?”

ಹಾಕಿಸಿಯೇಬಿಟ್ಟರು. ಮೊದಲ ಟ್ರಿಪ್ಪಿಗೆ ನಾನು ಮುಂದಿನ ಸೀಟಿನಲ್ಲಿದ್ದೆ, ಅಕ್ಕ ಹಿಂದೆ ಅವರ ಮನೆಯವರ ಜೊತೆ. ಅಜ್ಜೀಪುರ ದಾಟುವಾಗಲೇ ಬಾನೆಟ್ಟಿನ ಒಳಗಿಂದ ಕುಂಯ್ ಎಂಬ ಸಣ್ಣ ರಾಗ ಶುರುವಾಗಿತ್ತು. ಮಾವ ಅದನ್ನು ಯಾರದೋ ಹಾಡು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದರು. ನಲ್ಲಿ ಬಂತು. ಬಾನೆಟ್ಟು ಎತ್ತಿಕೊಂಡು ನಿಂತ ಗಾಡಿಗಳು, ಕೈಯಲ್ಲಿ ಕೊಡ ಹಿಡಿದ ಜನ. ಮಾವ ಹಾರನ್ ಹೊಡೆದು ಮುಂದೆ ಹೋದರು. ಕಡಿದಾದ ತಿರುವಿನಲ್ಲಿ ಯಾರೂ ಇಳಿಯಲಿಲ್ಲ. ಅಕ್ಕ ಹಿಂದಿನಿಂದ ತಮ್ಮನ ಹೆಗಲ ಮೇಲೆ ಕೈಯಿಟ್ಟವರು ಗುಡಿ ಬರುವ ತನಕ ತೆಗೆಯಲಿಲ್ಲ. ನನ್ನ ಲೆಕ್ಕ ಸುಳ್ಳಾಗಲಿ ಎಂದು ಆವತ್ತು ನಾನೂ ಮಾದಪ್ಪನಿಗೆ ಕೈಮುಗಿದೆ. ನಿಜವಾಗಿಯೂ ಮುಗಿದೆ.

ಒಂದು ವರ್ಷಕ್ಕೂ ಮೇಲೆ ಅದು ಓಡಿತು. ಟೀ ಅಂಗಡಿಯಲ್ಲಿ ನನ್ನನ್ನು ಕಂಡರೆ ‘ಏನ್ ಸಾ, ಹೆಡ್ ಹೊಡೀತಾ?’ ಎಂದು ಕೇಳುವುದು ಸ್ಟ್ಯಾಂಡಿನವರಿಗೊಂದು ತಮಾಷೆಯಾಗಿತ್ತು. ನನಗೆ ಬೇಜಾರಿರಲಿಲ್ಲ. ಕಾಡುತ್ತಿದ್ದದ್ದು ಬೇರೆ. ಮೊದಲು ಆ ಮುದಿ ಇಂಜಿನ್ ಬದುಕಿದ್ದದ್ದೇ ನಲ್ಲಿಯ ಹತ್ತಿರ ನಿಂತು ಆರಿದ್ದರಿಂದ. ಈಗ ಕಾವು ಎರಡು ಪಟ್ಟು, ನಿಲ್ಲುವುದು ಮಾತ್ರ ಇಲ್ಲ. ಒಂದು ದಿನ ಮಾವನೊಬ್ಬರೇ ಇದ್ದಾಗ ಹೇಳಿದೆ.

“ಮಾವ, ನಲ್ಲಿ ತಾವ ಒಂದ್ ಗಳಿಗೆ ನಿಲ್ಸು. ಮೊದ್ಲಿನಂಗೆ.”

“ಬ್ಲೋವರ್ ಗಾಡಿ ಓಗಿ ನಲ್ಲಿ ತಾವ ನಿಂತ್ರೆ ನೋಡ್ದೋರು ಏನಂದಾರ್ಲಾ? ಅದೂ ನಮ್ಮಕ್ಕನ್ನ ಕೂರುಸ್ಕಂಡು?”

ಬ್ಲೋವರ್ ಹಾಕಿದ್ದರಿಂದಲೇ ಆ ಇಂಜಿನ್ ಹೋಯಿತು ಎಂದು ಈಗ ನಾನು ಹೇಳುವುದಿಲ್ಲ. ನಿಲ್ಲುವುದು ನಾಚಿಕೆಯ ವಿಷಯ ಆಗಿಬಿಟ್ಟದ್ದೇ ಅದನ್ನು ಕೊಂದದ್ದು.

ಆ ದಿನವೂ ನಾನು ಮುಂದಿನ ಸೀಟಿನಲ್ಲಿದ್ದೆ. ಅಮಾವಾಸ್ಯೆಯ ಜನ, ಹಿಂದೆ ಮುಂದೆ ಗಾಡಿಗಳು, ಸುಡುಬಿಸಿಲು. ನಲ್ಲಿ ದಾಟಿದ ಸ್ವಲ್ಪ ಹೊತ್ತಿಗೆ ಬೆಲ್ಟಿನ ವಾಸನೆ ಬಂತು. ಕಾವಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಂತಿತ್ತು. ನಾನು ‘ಮಾವ’ ಎನ್ನುವಷ್ಟರಲ್ಲಿ ಒಳಗೆ ಏನೋ ಟಪ್ಪೆಂದಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ನುಗ್ಗಿತು. ಅದೇ ತಿರುವಿನ ಬುಡದಲ್ಲಿ ಗಾಡಿ ನಿಂತಿತು. ಎಲ್ಲರೂ ದಡಬಡನೆ ಇಳಿದರು. ಒಬ್ಬ ಓಡಿ ಗಾಲಿಗೆ ಕಲ್ಲು ಕೊಟ್ಟ. ಮಾವ ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತಿದ್ದರು.

ಅಕ್ಕ ಮಾತ್ರ ಇಳಿಯಲಿಲ್ಲ. ಯಾರೋ ಕೈಕೊಡಲು ಬಂದರೆ ತಳ್ಳಿದರು. “ನಾನ್ಯಾಕ್ ಇಳೀಲಿ? ನನ್ ತಮ್ಮ ಇಳಿಯಂಗಿಲ್ಲ ಅಂದವ್ನೆ. ಗಾಡಿ ನಿಂತ್ರೆ ನಿಂತ್ಕಳ್ಲಿ, ನಾನೂ ಕುಂತಿರ್ತೀನಿ.”

ಆಗ ಮಾವ ಇಳಿದು ನನ್ನ ಹತ್ತಿರ ಬಂದರು. ಸುತ್ತ ಜನ ಸೇರಿದ್ದರು, ನಲ್ಲಿಯ ಹತ್ತಿರ ನಾವು ಹಿಂದೆ ಹಾಕಿ ಬಂದಿದ್ದ ಗಾಡಿಗಳವರೂ ಬಂದು ನಿಂತಿದ್ದರು. ನಾನು ಆಯಿಲ್ ಕಡ್ಡಿ ಎಳೆದು ನೋಡುತ್ತಿದ್ದೆ. ಆಯಿಲಿಗೆ ನೀರು ಸೇರಿ ಹಾಲು ಹಾಕಿದ ಟೀಯ ಬಣ್ಣಕ್ಕೆ ತಿರುಗಿತ್ತು; ಹೆಡ್ ಹೊಡೆದಿತ್ತು. ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಏನಾಗದೆ ಅಂತ ನೀವೇ ನೋಡಿ ಸಾ” ಎಂದರು.

ಮೊದಲು ನನಗೆ ಹೊಳೆಯಲಿಲ್ಲ. ಹಿಂದೆ ಯಾರೋ ದೊಡ್ಡವರು ನಿಂತಿದ್ದಾರೆ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕಡ್ಡಿ ಹಿಡಿದ ನನ್ನ ಕೈ ಒರೆಸಿಕೊಳ್ಳಲು ಅವರು ಆ ಟವೆಲ್ಲನ್ನು ಎರಡೂ ಕೈಯಲ್ಲಿ ನೀಡಿದರು. ಭೂಮಿ ಬಾಯಿಬಿಡಬಾರದೇ ಎಂದು ನನಗೆ ಅನ್ನಿಸಿದ್ದು ಜೀವನದಲ್ಲಿ ಆವತ್ತೊಂದೇ ಸಲ.

ಕೊನೆಗೆ ಬೆಟ್ಟದಿಂದ ಇಳಿಯುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ, ಗಾಡಿಯನ್ನು ತಿರುಗಿಸಿ ತಾಳಬೆಟ್ಟದ ತನಕ ಇಳಿಸಿಕೊಟ್ಟ. ಅಕ್ಕ ಒಳಗೇ ಕೂತು ಬಂದರು. ಆ ವರ್ಷ ಅವರಿಗೆ ಮಾದಪ್ಪನ ದರ್ಶನವಾಗಲಿಲ್ಲ. ಗಾಡಿಯಿಂದ ಇಳಿಯಲಂತೂ ಇಲ್ಲ.

ಊರಿಗೆ ಬಂದ ಮೇಲೆ ಸ್ಟ್ಯಾಂಡಿನಲ್ಲಿ ನಾನು ದೊಡ್ಡ ಮನುಷ್ಯನಾದೆ. ‘ಅವತ್ತೇ ಏಳ್ದ ನೋಡು, ಹೆಡ್ ಹೊಡೀತದೆ ಅಂತ. ಅದ್ಕೇ ಓದ್ಬೇಕು ಅನ್ನದು’ ಎಂದು ಬಂದವರಿಗೆಲ್ಲ ಹೇಳಿದರು, ಅದೂ ಮಾವನ ಎದುರಿಗೇ. ನಾನು ಹೋದರೆ ಮಾವ ಬೆಂಚಿನಿಂದ ಏಳುತ್ತಿದ್ದರು. ‘ಕುಂತ್ಕಳಿ ಸಾ.’ ಬೀದಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಒಬ್ಬರೇ ಕೂತಿದ್ದಾಗ ನಾನು ಹತ್ತಿರ ಹೋದೆ. “ಮಾವ, ಮೊದ್ಲಿನಂಗೆ ಲೇ ಅನ್ನು ಮಾವ” ಎಂದೆ. ಅವರು ತಲೆ ಎತ್ತಲಿಲ್ಲ.

“ಅದೆಂಗಾದದು ಸಾ... ತಿಳ್ದೋರ್ಗೆ ಅಂಗನ್ನಕಾಯ್ತದಾ?”

ಮೂಟೆ ಹೊತ್ತು ಬೆನ್ನು ಬಾಗಿದ್ದ ನಮ್ಮಪ್ಪ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ: “ಎದುರುಮನೆಯೋನು ಎದ್ದು ನಿಂತ್ಕತನೆ ಕಣಮ್ಮಿ, ನಮ್ ಹೈದ ಬಂದ್ರೆ.” ಅವನ ಮುಖದಲ್ಲಿದ್ದ ಸಂತೋಷ ನೋಡಿ ನಾನು ಅರ್ಧ ಮುದ್ದೆಗೇ ಕೈತೊಳೆದೆ. ಆ ಮರ್ಯಾದೆಗಾಗಿಯೇ ಅವನು ನನ್ನನ್ನು ಓದಿಸಿದ್ದ. ಅದಕ್ಕಾಗಿಯೇ ನಾನೂ ಓದಿದ್ದೆ. ಮಂಡಿಯ ಯಜಮಾನರಿಂದ, ಆಫೀಸಿನವರಿಂದ, ನಮ್ಮಪ್ಪನನ್ನು ಏಕವಚನದಲ್ಲಿ ಕರೆದವರಿಂದ ಬರಲಿ ಎಂದು ಕಾದಿದ್ದೆ. ಮೊದಲು ಬಂದದ್ದು ಮಾವನಿಂದ...

ಗಾಡಿ ಗುಜರಿಗೆ ಹೋಯಿತು. ಮಾವ ಮನೆ ಖಾಲಿ ಮಾಡಿ ಯಳಂದೂರಿಗೆ ಅಕ್ಕನ ಹತ್ತಿರ ಹೋದರು. ಹೊರಟ ದಿನ ನಾನು ಸಾಮಾನು ಎತ್ತಿಕೊಡಲು ಹೋದರೆ ‘ನೀವ್ ಮುಟ್ಬ್ಯಾಡಿ ಸಾ, ಬಟ್ಟೆ ಕೊಳೆ ಆಯ್ತದೆ’ ಎಂದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಯಳಂದೂರಿಗೆ ಹೋದೆ. ಅಷ್ಟರಲ್ಲಿ ಮಣ್ಣಾಗಿತ್ತು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಮಾವ ನನ್ನ ವಿಷಯ ಏನಾದರೂ ಹೇಳುತ್ತಿದ್ದರಾ ಎಂದು ಕೇಳಬಾರದು ಅಂದುಕೊಂಡಿದ್ದೆ. ಆದರೂ ಕೇಳಿದೆ. ಮನೆಯೊಳಗಾದರೂ, ನನ್ನ ಬೆನ್ನ ಹಿಂದೆಯಾದರೂ, ಹಳೆಯ ಹಾಗೆ ಕರೆದಿರಬಹುದು ಎಂಬ ಆಸೆ ಇತ್ತು.

“ಏಳ್ದೆ ಇರ್ತನಾ? ‘ಸಾ ಅಂಗಂದ್ರು, ಸಾ ಇಂಗಂದ್ರು’ ಅಂತ ಯಾವಾಗ್ಲೂ ನಿಂದೇ ಮಾತು ಕಣಪ್ಪ” ಎಂದರು.

ಆ ದಿನ ಬಸ್ಸಿನಲ್ಲಿ ಕೊಳ್ಳೇಗಾಲ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಹನೂರಿನ ಶೆಡ್ಡಿನಲ್ಲಿ ಹೊಗೆ ಆರಿತು. ಆ ಹಳೆಯ ಕಾರಿನ ಯಜಮಾನ ಬಂಡಳ್ಳಿಯವನು, ನನಗಿಂತ ಹಿರಿಯ. ಅವನಿಗೂ ಬ್ಲೋವರ್ ಬೇಕಂತೆ. ಬಹಳ ಓಡಿದ ಗಾಡಿ, ತಡೆಯುತ್ತದೆಯೋ ಇಲ್ಲವೋ ನಮ್ಮ ಮೇಷ್ಟ್ರನ್ನೇ ಕೇಳಿ ಎಂದು ಗ್ಯಾರೇಜಿನವನು ನನ್ನನ್ನು ತೋರಿಸಿದ. ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತರು. ನಾನು ಆ ಯಜಮಾನನ ಹೆಗಲ ಮೇಲೆ ಕೈ ಹಾಕಿ ಹೊರಗೆ ಹುಣಸೆಮರದ ಕೆಳಗೆ ಕರೆದುಕೊಂಡು ಹೋದೆ. ಇಂಜಿನ್ ಬಿಚ್ಚದೆ ಹಾಕಿಸಬೇಡಿ; ಹಾಕಿಸಿದರೂ ಒತ್ತಡ ಕಡಿಮೆ ಇರಲಿ, ಆಯಿಲನ್ನು ಬೇಗ ಬೇಗ ಬದಲಾಯಿಸಿ ಎಂದೆ. ಬೆಟ್ಟಕ್ಕೆ ಹೋಗುವಾಗ ಯಾರು ನೋಡಿದರೂ ಸರಿ, ನಿಲ್ಲಿಸಿ, ಅದು ಆರಲಿ ಅಣ್ಣ ಎಂದೆ.

ಅಣ್ಣ ಎಂದದ್ದಕ್ಕೆ ಅವನು ಗಾಬರಿಯಾದ. ಆಮೇಲೆ ಕೈಮುಗಿದ.

“ಆಗ್ಲಿ ಸಾ” ಎಂದ.

ಈಗ ಎಲ್ಲರೂ ಹಾಗೇ ಕರೆಯುತ್ತಾರೆ. ಕಾಲೇಜಿನಲ್ಲಿ, ಬ್ಯಾಂಕಿನಲ್ಲಿ, ಅಪ್ಪ ಮೂಟೆ ಹೊತ್ತ ಮಂಡಿಯಲ್ಲೂ. ಅಪ್ಪ ಅವ್ವ ಇಬ್ಬರೂ ಹೋದರು. ಎದುರುಮನೆಯಲ್ಲಿ ಬೇರೆಯವರಿದ್ದಾರೆ, ಅವರ ಮಕ್ಕಳೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತವೆ. ಆ ಬೀದಿಯಲ್ಲಿ ನನ್ನನ್ನು ‘ಲೇ’ ಎಂದು ಕೂಗುವವರು ಈಗ ಯಾರೂ ಇಲ್ಲ.