ಮೂರು ಸಲ ಹೇಳುವ ಬಂದೇನವಾಜ್

ಸೀರೆ ಅಂಗಡಿಯ ರಿಯಾಯಿತಿಯಿರಲಿ, ನಾಳೆ ನಳದಲ್ಲಿ ನೀರು ಬಾರದ ಸುದ್ದಿಯಿರಲಿ, ವಾಡಿಯ ಜನಕ್ಕೆ ಅದು ತಿಳಿಯುವುದು ಬಂದೇನವಾಜನ ಬಾಯಿಂದ. ಆಟೋದ ತಲೆಯ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಗಲ್ಲಿಗಲ್ಲಿ ಸುತ್ತುತ್ತಾನೆ, ಪ್ರತಿ ಮಾತನ್ನೂ ಮೂರು ಸಲ ಹೇಳುತ್ತಾನೆ. "ಮೊದಲ್ನೇ ಸಲ ಕಿವಿಗೆ ಬೀಳ್ತದ, ಎರಡನೇ ಸಲ ತಲಿಗೆ ಹೋಗ್ತದ, ಮೂರನೇ ಸಲ ಖರೆ ಆಗ್ತದ" ಎಂದು ಕಸುಬು ಕಲಿಸಿದ ಖಾಜಾಮಿಯಾ ಉಸ್ತಾದರು ಹೇಳಿಕೊಟ್ಟಿದ್ದರು. ಆ ಮಾತಿನಲ್ಲೊಂದು ಕೊಕ್ಕೆ ಇದೆಯೆಂದು ಪುರಸಭೆ ಚುನಾವಣೆಯ ದಿನದವರೆಗೂ ಅವನಿಗೆ ಹೊಳೆದಿರಲಿಲ್ಲ.

ಅಂದು ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ ಯಾರದೋ ಫೋನಿನಿಂದ ಅವನದೇ ದನಿ ಕೇಳಿಬಂತು: "ಮತದಾನ ಮುಂದೂಡಲಾಗಿದೆ! ಮುಂದೂಡಲಾಗಿದೆ! ಮುಂದೂಡಲಾಗಿದೆ!" ಹಿಂದೊಮ್ಮೆ ಸಹಕಾರ ಸಂಘದ ಚುನಾವಣೆ ನಿಂತಾಗ ಕೂಗಿದ್ದು ಅದು. ಯಾವನೋ ಪುಣ್ಯಾತ್ಮ ಸಂಘದ ಹೆಸರನ್ನು ಕತ್ತರಿಸಿ ವಾಟ್ಸಾಪಿಗೆ ಬಿಟ್ಟಿದ್ದ. ಬಂದೇನವಾಜನ ಮೈಯೆಲ್ಲ ಉರಿದುಹೋಯಿತು. ತನ್ನ ದನಿಯಿಂದ ಒಬ್ಬರ ಓಟು ತಪ್ಪಿದರೂ ನಾಳೆ ಯಾವ ಮುಖ ಹೊತ್ತು ಭೋಂಗಾ ಕಟ್ಟುವುದು?

ಚುನಾವಣೆ ಅಧಿಕಾರಿಗಳ ಒಪ್ಪಿಗೆ ಕೇಳಿಕೊಂಡು ಆಟೋ ಹತ್ತಿದ. "ಮತದಾನ ಮುಂದೂಡಿಲ್ಲ! ಮುಂದೂಡಿಲ್ಲ! ಮುಂದೂಡಿಲ್ಲ!" ಬಾಗಿಲಿಗೆ ಬಂದವರು ತಲೆಯಾಡಿಸಿ ಮತ್ತೆ ಒಳಗೇ ಹೋದರು. ಇದೇನು ಕಥೆ ಎಂದು, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಮಾಣಿಕಮ್ಮನ ಮುಂದೆ ಆಟೋ ನಿಲ್ಲಿಸಿದ.

"ಅವ್ವಾ, ಓಟ್ ಹಾಕಾಕ ಹೋಗಲಿಲ್ಲೇನು?"

"ಮುಂದೂಡ್ಯಾರ ಅಂತ ಈಗ ನೀನೇ ಒದರಿಕೋತ ಹೋದೆಲ್ಲೋ ತಮ್ಮಾ!"

"ಮುಂದೂಡಿಲ್ಲ ಅಂದೆ!"

"ಆ ಇಲ್ಲ ಅಂಬೋದು ಯಾರಿಗಿ ಕೇಳ್ತದ? ಅಷ್ಟೊತ್ತಿಗೆ ನಿನ್ನ ಗಾಡಿ ಫಟಫಟ ಅಂತ ಮೂಲಿ ತಿರುಗಿರ್ತದ. ಮ್ಯಾಲ ಫೋನಿನಾಗ ಮೂರು ಮಂದಿ ಕಳಿಸ್ಯಾರ. ಮೂರೂ ಮಂದಿ ಸುಳ್ಳು ಹೇಳ್ತಾರೇನು?"

ಬಂದೇನವಾಜ್ ಆಟೋದಿಂದ ಇಳಿದ. ಸಿಮೆಂಟ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಮಲಗಲು ಹೊರಟಿದ್ದ ಎದುರುಮನೆಯ ಸುರೇಶಕುಮಾರನನ್ನೂ ಕೇಳಿದ: "ನೀ ಯಾಕ ನಂಬಿದಿ?"

"ನನಗ ಭಾಳ ನಿದ್ದಿ ಬಂದಿತ್ತು. ಮುಂದೂಡ್ಯಾರ ಅಂದ ಕೂಡಲೆ ಚಲೋ ಆತು ಅನ್ನಿಸ್ತು. ಮತ್ತ ಯಾರಿಗೂ ಕೇಳಲಿಲ್ಲ."

ಎಂಥ ಸೋಜಿಗ! ಸುಳ್ಳು ಬಾಗಿಲು ಮುರಿದು ಬರುವುದಿಲ್ಲ, ಬೇಕಾದವರ ಮನೆಯಲ್ಲಿ ಅದಕ್ಕೆಂದು ಚಾಪೆ ಹಾಸಿಯೇ ಇರುತ್ತದೆ. ತಾನಂತೂ ಅದನ್ನು ಅಳಿಸಲು ಹೋಗಿ ಅದೇ ಮಾತನ್ನು ಗಲ್ಲಿಗೆ ಮೂರು ಸಲ ಕೂಗಿ ಬಂದಿದ್ದ.

ಈ ಸಲ ಮುಂದೂಡುವ ಮಾತನ್ನೇ ಎತ್ತಲಿಲ್ಲ. ಮೂಲೆಮೂಲೆಗೆ ಆಟೋ ಬಂದ್ ಮಾಡಿ, "ಇವತ್ತೇ ಓಟು! ಸಂಜಿ ಐದರ ತನಕ! ಬರ್ರಿ!" ಎಂದ. ಮಾಣಿಕಮ್ಮ ಮೊರ ಬಿಟ್ಟು ಎದ್ದಳು. ಸುರೇಶಕುಮಾರ ಗೊಣಗುತ್ತಲೇ ಅಂಗಿ ತೊಟ್ಟ. ಮಧ್ಯಾಹ್ನದ ಹೊತ್ತಿಗೆ ಮತಗಟ್ಟೆಯ ಮುಂದೆ ಸಾಲು ಬೆಳೆದದ್ದು ಕಂಡು ಅವನ ಜೀವ ತಂಪಾಯಿತು. ತನ್ನ ಗಲ್ಲಿಯೊಂದನ್ನು ಬಿಟ್ಟು ಇಡೀ ಊರು ಸುತ್ತಿದ. ತನ್ನನ್ನು ಬಲ್ಲ ಗಲ್ಲಿಗೆ ಹೇಳುವುದೇನಿದೆ?

ಐದು ಹೊಡೆದ ಮೇಲೆ ಮನೆಗೆ ಬಂದ. ಹೆಂಡತಿ ಮಾಸುಮಬಿ ಚಹಾ ಸೋಸುತ್ತಿದ್ದಳು. ಅವಳ ಎಡಗೈ ಬೆರಳಲ್ಲಿ ಶಾಯಿ ಇರಲಿಲ್ಲ.

"ನೀ ಹೋಗಲಿಲ್ಲೇನು?" ಅವನ ದನಿ ಕುಸಿಯಿತು.

"ಅಜೀ, ಮುಂದೂಡ್ಯಾರ ಅಂತ ಫೋನಿನಾಗ ನೀವೇ ಹೇಳಿದ್ರಲ್ಲ."

"ಯಾರಿಗಾದ್ರೂ ಕೇಳಬೇಕಿತ್ತಲ್ಲ?"

"ಯಾಕ ಕೇಳಲಿ?" ಮಾಸುಮಬಿಗೆ ನಿಜಕ್ಕೂ ಅಚ್ಚರಿಯಾಗಿತ್ತು. "ನಿಮ್ಮ ದನಿ ಸುಳ್ಳು ಹೇಳಿದ್ದು ನಾ ಎಂದೂ ಕೇಳಿಲ್ಲ."