ಅಪ್ಪ ಚುಚ್ಚಿದ ಆಟದ ಪುಸ್ತಕ

ನಮ್ಮಪ್ಪ ತಿರಕಪ್ಪ ಮೂವತ್ತೆಂಟು ವರ್ಷದಿಂದ ಬೆಟಗೇರಿಯಲ್ಲಿ ಛಾಪಖಾನೆ ನಡೆಸುತ್ತಿದ್ದಾನೆ. ಅಕ್ಷರವೆಂದರೆ ಅವನಿಗೆ ಮದುಮಗಳು. ಬಳ್ಳಿ, ಬಾಲ, ಜುಟ್ಟು ಇಲ್ಲದೆ ಒಂದನ್ನೂ ಹೊರಗೆ ಬಿಡುವುದಿಲ್ಲ. ಅವನು ಅಚ್ಚು ಹಾಕಿದ ಮದುವೆ ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಮುಹೂರ್ತ ಎಷ್ಟೊತ್ತಿಗೆ ಎಂದು ಫೋನ್ ಮಾಡಿ ಕೇಳಿದವರಿದ್ದಾರೆ. ಹೇಳಿದರೆ ಸಿಟ್ಟು.

ಲಕ್ಷ್ಮೇಶ್ವರದ ಕೊಟ್ರೇಶ ಮೇಷ್ಟ್ರು ಬರೆದ ಕಥೆಯಾಟದ ಪುಸ್ತಕವನ್ನೂ ಅಪ್ಪ ಹಾಗೇ ಸಿಂಗರಿಸಿದ್ದ. ಹಳೇ ಕೋಟೆಯಲ್ಲಿ ನಿಧಿ ಹುಡುಕುವ ಆಟ. ಒಬ್ಬರು ಕಥೆ ನಡೆಸಬೇಕು, ಉಳಿದವರು ಪಾತ್ರಗಳಾಗಿ ದಾಳ ಹಾಕುತ್ತ ಮುಂದೆ ಹೋಗಬೇಕು. ನಿಧಿ ಎಲ್ಲಿದೆ, ಹಾವು ಎಲ್ಲಿದೆ ಎಂಬ ಗುಟ್ಟಿನ ಪುಟಗಳನ್ನು ನಡೆಸುವವರು ಮಾತ್ರ ಓದಬೇಕು. ಭಾನುವಾರಕ್ಕೊಮ್ಮೆ ನಾನು, ಸುಶ್ಮಿತಾ, ಭೀಮೇಶ, ಅಲ್ಫಿಯಾ ಛಾಪಖಾನೆಯಲ್ಲೇ ಕೂತು ಆಡುತ್ತೇವೆ.

ಅಲ್ಫಿಯಾಳಿಗೆ ಕಣ್ಣು ಕಾಣುವುದಿಲ್ಲ. ಕಥೆ ಕಟ್ಟುವುದರಲ್ಲಿ ನಮ್ಮೆಲ್ಲರಿಗಿಂತ ಅವಳೇ ಜೋರು, ಆದರೆ ಒಮ್ಮೆಯೂ ಆಟ ನಡೆಸಿರಲಿಲ್ಲ. ಗುಟ್ಟು ಓದಿ ಹೇಳಿದವರಿಗೆ ಗುಟ್ಟು ಗೊತ್ತಾಗಿಬಿಡುತ್ತದಲ್ಲ! ಫೋನಿಗೆ ಓದಿಸಲು ಹೋದರೆ ಅಪ್ಪನ ಬಾಲದ ಅಕ್ಷರಗಳನ್ನು ಅದು ಕಲಸುಮೇಲೋಗರ ಮಾಡಿತು.

"ಕಾಕಾ, ನಿಮ್ಮ ಅಕ್ಷರ ಫೋನಿಗೂ ತಿಳ್ಯಾಂಗಿಲ್ರಿ. ನನಗೂ ಒಮ್ಮೆ ಆಟ ನಡಸಬೇಕು ಅನಸ್ತೈತಿ," ಎಂದಳು. ನಗುತ್ತಲೇ ಅಂದಳು, ಅಪ್ಪನಿಗೆ ಮಾತ್ರ ಅದು ನಾಟಿತು.

ಅವಳಿಂದಲೇ ಬ್ರೈಲ್ ಪಾಟಿ, ಚುಚ್ಚುವ ಕಡ್ಡಿ ತರಿಸಿಕೊಂಡು ಕಲಿತ. ಹಾಳೆಯ ಹಿಂಬದಿಗೆ, ಬಲದಿಂದ ಎಡಕ್ಕೆ, ಉಲ್ಟಾ ಚುಚ್ಚಬೇಕು; ಆಗ ಮುಂಬದಿಗೆ ಚುಕ್ಕಿ ಉಬ್ಬುತ್ತದೆ. ಸೀಸದ ಅಕ್ಷರ ಉಲ್ಟಾ ಜೋಡಿಸಿ ತಲೆ ಬೆಳ್ಳಗಾದವನಿಗೆ ಅದೇನು ಮಹಾ! ಆರು ಚುಕ್ಕಿಯಲ್ಲಿ ಬಾಲಕ್ಕೆ ಜಾಗವಿಲ್ಲ ಎಂಬುದೊಂದೇ ಅವನ ತಕರಾರು. ಮೂರು ವಾರ ಕೂತು ನಲವತ್ತು ಹಾಳೆ ಚುಚ್ಚಿದ. ಏನು ಬರೆದಿದೆ ಎಂದು ನಾನು ಕೇಳಿದರೆ, "ಛಾಪಖಾನ್ಯಾಗಿನ ಖಬರ ಹೊರಗ ಹೇಳಾಂಗಿಲ್ಲ ವನಿತಾ," ಎಂದು ಗದರಿದ.

ಹೊಲಿದು ರಟ್ಟು ಹಾಕಿದ ಮೇಲೆ, ಎಲ್ಲ ಪುಸ್ತಕಗಳಿಗೂ ಮಾಡುವ ಹಾಗೆ ಒತ್ತುವ ಯಂತ್ರದಲ್ಲಿಟ್ಟು ತಿರುಪು ಬಿಗಿದು ಒಂದು ದಿನ ಬಿಟ್ಟ. ಉಬ್ಬಿದ ಪುಸ್ತಕ ಯಾರ ಕೈಗಾದರೂ ಕೊಡುವುದೆಂದರೆ ಅವನಿಗೆ ಅವಮಾನ.

ಭಾನುವಾರ ಅಲ್ಫಿಯಾ ಎಲ್ಲರಿಗಿಂತ ಮುಂಚೆ ಬಂದಳು. ಒಂದು ಪುಟದ ಮೇಲೆ ಬೆರಳಾಡಿಸಿದಳು. ಇನ್ನೊಂದು ತಿರುವಿದಳು.

"ಕಾಕಾ, ಇಲ್ಲೇನೂ ಇಲ್ರಿ."

"ಇಷ್ಟು ಚಂದ ಕಾಣಾಕತ್ತಾವಲ್ಲ, ತಂಗಿ!" ಎಂದವನು ನಾಲಿಗೆ ಕಚ್ಚಿಕೊಂಡ. ತಾನೂ ಬೆರಳಾಡಿಸಿ ನೋಡಿದ. ಯಂತ್ರದ ಒತ್ತಿಗೆ ಚುಕ್ಕಿಗಳೆಲ್ಲ ಚಪ್ಪಟೆ. "ನನ್ನ ಕೈಯಾರ ಹಾಳ ಮಾಡಿದ್ನಲ್ಲ," ಎಂದು ಕುಸಿದು ಕೂತ. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ ಮೊದಲು.

ಅಲ್ಫಿಯಾ ಪಾಟಿ ತಡವಿ ತೆಗೆದುಕೊಂಡಳು. "ನಿಮಗ ಎಲ್ಲಾ ನೆನಪೈತಲ್ರಿ? ಇವತ್ತಿನ ಆಟಕ್ಕ ಬೇಕಾದಷ್ಟ ಹೇಳ್ರಿ, ನಾ ಚುಚ್ಚತೀನಿ. ಜಲ್ದಿ."

ನನ್ನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿಕೊಂಡರು. ಅಪ್ಪನ ಪಿಸುಮಾತು, ಕಡ್ಡಿಯ ಟಕಟಕ ಮಧ್ಯಾಹ್ನದವರೆಗೂ ನಡೆಯಿತು.

ನಾಲ್ಕಕ್ಕೆ ಆಟ ಶುರುವಾಯಿತು. ಅಲ್ಫಿಯಾ ಹಟ ಹಿಡಿದು ಅಪ್ಪನನ್ನೂ ಕೂಡಿಸಿಕೊಂಡಳು. ಎಲ್ಲ ಗುಟ್ಟು ಗೊತ್ತಿರುವ ಮುದುಕ ಮೀಸೆಯಡಿ ನಗುತ್ತ, "ನಾ ಸೀದಾ ಬಾವಿ ಹಿಂದಿನ ಬಾಗಲಾ ತಗೀತೀನಿ," ಎಂದ. ನಾಚಿಕೆಯೇ ಇಲ್ಲ!

ಅಲ್ಫಿಯಾ ನಿಧಾನವಾಗಿ ಸಾಲಿನ ಮೇಲೆ ಬೆರಳು ನಡೆಸಿದಳು. "ತಗದ್ರಿ. ಒಳಗ ಹಾವು ಕುಂತೈತಿ. ದಾಳ ಹಾಕ್ರಿ ಕಾಕಾ."

"ಹಾವಾ? ನಾ ಹಂಗ ಹೇಳೇ ಇಲ್ಲ!" ಅಪ್ಪ ಹಾಳೆಯತ್ತ ಬಗ್ಗಿದ.

ಅವಳು ಪುಟದ ಮೇಲೆ ಅಂಗೈ ಹರಡಿದಳು. "ನಡಸವ್ರು ಅಷ್ಟ ಓದಬೇಕ್ರಿ."

ಅಪ್ಪ ದಾಳ ಹಾಕಿದ, ಸೋತ. ಅಷ್ಟು ಖುಷಿಯಿಂದ ಸೋತವರನ್ನು ನಾನು ನೋಡಿಲ್ಲ. ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಸರಿದು, "ಮುಂದ ಏನಾತು, ಹೇಳ ತಂಗಿ," ಎಂದ.