ಅತ್ತೆ ಎಣಿಸಿದ ಗೆರೆಗಳು

ರತ್ನಾವತಿ ಅತ್ತೆ ಮಾಧವರಂ ಡೈರಿಯ ಹತ್ತಿರವೇ ಇದ್ದರೂ ಹಾಲನ್ನು ನಂಬಿದವರಲ್ಲ. ಬೆರಳಿಗೆ ಹಚ್ಚಿ, ಮೂಸಿ, ಆಮೇಲೆ ಒಲೆಗೇರಿಸುವುದು. ಹೊಸ ಕಾಫಿಪುಡಿ ಬಂದರೆ ಚಿಟಿಕೆಯಷ್ಟು ನೀರಿಗೆ ಹಾಕಿ, ಚಿಕೋರಿ ಎಷ್ಟು ಮುಳುಗಿತು ಎಂದು ನೋಡುತ್ತಾರೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದು ಮಾವನ ಹೋಟೆಲಿನ ಅಡುಗೆಮನೆ ಹಿಡಿದ ಮೇಲೆ ಈ ಅನುಮಾನ ಅಂಟಿತೋ, ಹುಟ್ಟಿನಿಂದಲೇ ಇತ್ತೋ ಗೊತ್ತಿಲ್ಲ. ಅವರ ಅಣ್ಣನಾದ ನನ್ನ ಅಪ್ಪನನ್ನು ಕೇಳಿದರೆ ನಕ್ಕುಬಿಡುತ್ತಾರೆ.

ಕೃಷ್ಣರಾಜ ಮಾವ ತದ್ವಿರುದ್ಧ. ಗಲ್ಲಾದಲ್ಲಿ ಕುಳಿತು ಊರನ್ನೆಲ್ಲ ನಂಬುತ್ತಾರೆ. ಹೆಂಡತಿಯ ಅನುಮಾನಕ್ಕೆ ಮಾತ್ರ ಒಮ್ಮೆಯೂ ಹೂಂ ಅಂದವರಲ್ಲ. ಅವರ ಕೆಮ್ಮು ನಿಲ್ಲದೆ ಹೋದಾಗ ಕೀಲ್ಪಾಕ್‌ನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಎದೆಯ ಸಿ.ಟಿ. ಮಾಡಿಸಿದರು. ಚಿತ್ರ ಮಸುಕಾಗಿದೆ, ಇನ್ನೊಮ್ಮೆ ಬನ್ನಿ ಎಂದರು ಅಲ್ಲಿಯವರು.

"ಸುಮ್ಮ ಸುಮ್ಮ ಎರಡು ಸಲ ಕರೆಯುವುದು ಎಂತಕ್ಕೆ? ಮೆಷಿನ್ನೇ ಹಾಳಾಗಿರ್ಬೇಕು," ಎಂದರು ಅತ್ತೆ.

"ಹೌದು, ಹಾಳೇ. ಪುನಃ ಅಲ್ಲಿಗೆ ಹೋಗುವುದು ಬೇಡ," ಎಂದರು ಮಾವ.

ಎಲ್ಲವನ್ನೂ ಮೂಸಿ ನೋಡುವ ಅತ್ತೆ, ಗಂಡ ಮೊದಲ ಬಾರಿಗೆ ತನ್ನ ಮಾತಿಗೆ ಒಪ್ಪಿದ್ದನ್ನು ಮಾತ್ರ ಮೂಸಲಿಲ್ಲ.

ಸಿ.ಟಿ. ಯಂತ್ರಗಳ ಪರೀಕ್ಷೆ ನನ್ನ ಕೆಲಸ. ಆ ಸೆಂಟರಿನ ಸರದಿಯೂ ಅದೇ ವಾರವಿತ್ತು. ನೋಡಿ ಹೇಳುತ್ತೇನೆ ಎಂದೆ.

"ನಾನೂ ಬರ್ತೇನೆ ನಿಖಿತಾ. ನೀನು ಹೇಳಿದ್ದನ್ನು ನಂಬುವುದು ಹೇಗೆ?" ಎಂದವರೇ ಮಾವನನ್ನೂ ಹೊರಡಿಸಿದರು. ಒಡಹುಟ್ಟಿದ ಅಣ್ಣನ ಮಗಳ ಮೇಲೂ ಇಷ್ಟೇ ವಿಶ್ವಾಸ.

ಮಾವ ಹೊರಗೆ ಬೆಂಚಿನ ಮೇಲೆ ಕುಳಿತರು. ಟೆಕ್ನಿಷಿಯನ್ನನ್ನು ಕೇಳಿ ಅತ್ತೆಯನ್ನು ಗಾಜಿನ ಈಚೆ, ನನ್ನ ಪಕ್ಕ ಕೂರಿಸಿಕೊಂಡೆ. ಆಚೆ ಯಂತ್ರದೊಳಗೆ, ಪರೀಕ್ಷೆಗೆಂದೇ ಮಾಡಿದ ನಮ್ಮ ದುಂಡನೆಯ ಪ್ಲಾಸ್ಟಿಕ್ ದಿಮ್ಮಿ ಇತ್ತು. ಅದರೊಳಗೆ ಲೋಹದ ಸಣ್ಣ ಗೆರೆಗಳ ಗುಂಪುಗಳಿವೆ. ಒಂದಕ್ಕಿಂತ ಒಂದರಲ್ಲಿ ಗೆರೆಗಳು ಹೆಚ್ಚು ಒತ್ತೊತ್ತಾಗಿರುತ್ತವೆ. ಯಾವ ಗುಂಪಿನವರೆಗೆ ಗೆರೆ ಬಿಡಿಬಿಡಿಯಾಗಿ ಕಾಣುತ್ತದೋ ಅಲ್ಲಿಯವರೆಗೆ ಯಂತ್ರದ ಕಣ್ಣು ಚುರುಕು. ಮುಂದಿನದೆಲ್ಲ ಬೆಂದು ಮುದ್ದೆಯಾದ ಶಾವಿಗೆ.

"ನೀನು ಬಾಯಿ ಮುಚ್ಚು, ನಾನೇ ಎಣಿಸ್ತೇನೆ," ಎಂದು ಅತ್ತೆ ಕನ್ನಡಕ ಒರೆಸಿಕೊಂಡರು. ಏಳು ಗುಂಪು ಎಣಿಸಿ ಎಂಟನೆಯದರಲ್ಲಿ ನಿಂತರು. ಇರಬೇಕಾದದ್ದೂ ಅಷ್ಟೇ. ಆದರೂ ತೃಪ್ತಿಯಿಲ್ಲ, ಇನ್ನೊಮ್ಮೆ ಮಾಡಿಸಿದರು. ಮತ್ತೆ ಏಳು.

"ಹಾಗಾದ್ರೆ ಮೆಷಿನ್ ಶರಿ ಉಂಟು," ಎಂದರು, ಸ್ವಲ್ಪ ನಿರಾಸೆಯಿಂದಲೇ. "ಈ ದಿಮ್ಮಿ ಅಲುಗಾಡಿದ್ರೆ?"

"ಆಗ ಮಸುಕಾಗ್ತದೆ ಅತ್ತೆ. ಅದಕ್ಕೇ ಉಸಿರು ಹಿಡಿಯಲಿಕ್ಕೆ ಹೇಳುವುದು."

ಅತ್ತೆ ಎದ್ದು ಹೊರಗೆ ಹೋದರು. ಅವರನ್ನು ಕಂಡೊಡನೆ ಮಾವ ತಮ್ಮ ಚಪ್ಪಲಿ ನೋಡತೊಡಗಿದರು.

"ಆವತ್ತು ಬೇಕೂಂತಲೇ ಉಸಿರು ಬಿಟ್ರಾ?"

ಮಾವ ಚಪ್ಪಲಿಯಿಂದ ಕಣ್ಣೆತ್ತಿದರು. "ನನ್ನ ಅಣ್ಣನಿಗೂ ಹೀಗೇ ಕೆಮ್ಮು ಇದ್ದದ್ದು. ಸ್ಕ್ಯಾನಿನಲ್ಲಿ ಕಂಡಿತು ಅಂತ ಹೇಳಿದ ದಿನದಿಂದ ಅವನು ಸರಿಯಾಗಿ ಊಟವೇ ಮಾಡಲಿಲ್ಲ. ನನಗೆ ಹೆದರಿಕೆ, ರತ್ನಾ."

ಅತ್ತೆ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಮಾವನ ಕೈ ಹಿಡಿದು ಎಬ್ಬಿಸಿ, ಯಂತ್ರದವರೆಗೂ ಜೊತೆಗೆ ನಡೆದರು. ಟೆಕ್ನಿಷಿಯನ್ ದಿಮ್ಮಿ ತೆಗೆದು ಮಾವನನ್ನು ಮಲಗಿಸಿದ ಮೇಲೆ ಅತ್ತೆ ಗಾಜಿನ ಈಚೆ ಬಂದು ಅವನ ಮೈಕನ್ನು ತಾವೇ ಎಳೆದುಕೊಂಡರು.

"ಉಸಿರು ಹಿಡೀರಿ. ನಾನು ಇಲ್ಲೇ ನೋಡ್ತಾ ಇದ್ದೇನೆ."

ಮಾವನ ಎದೆ ಅಲುಗಲಿಲ್ಲ. ಪಕ್ಕದಲ್ಲಿ ಅತ್ತೆಯೂ ಉಸಿರು ಹಿಡಿದಿದ್ದರು. ಚಿತ್ರ ಸ್ಪಷ್ಟವಾಗಿ ಬಂತು. ಬಲಗಡೆ ಕೊತ್ತಂಬರಿ ಕಾಳಿನಷ್ಟು ಒಂದು ಚುಕ್ಕೆಯೂ ಬಂತು. ಏನೆಂದು ಪರೀಕ್ಷೆ ಮಾಡಬೇಕು, ಏನೇ ಇದ್ದರೂ ಬೇಗ ಸಿಕ್ಕಿದೆ ಎಂದರು ಸೆಂಟರಿನ ಡಾಕ್ಟರು. ಅತ್ತೆ ಅವರನ್ನು ಒಂದೂ ಪ್ರಶ್ನೆ ಕೇಳಲಿಲ್ಲ.

"ಕಂಡಿತಾ?" ಎಂದರು ಮಾವ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

"ಕಂಡಿತು. ಸಣ್ಣದು. ಮನೆಗೆ ಹೋಗಿ ಊಟ ಮಾಡುವ."

ಮಧ್ಯಾಹ್ನ ಅತ್ತೆ ಮಾವನ ಎದುರೇ ಕುಳಿತರು. ಅವರ ತಟ್ಟೆ ಖಾಲಿಯಾಗುವವರೆಗೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.